ಎರಡನೆಯ ತೊಟ್ಟಿ

ಡಬ್ಬಿಯಲ್ಲಿ ಏನಿದೆ ಎಂದು ಕಂಡಕ್ಟರ್ ಮರಾಠಿಯಲ್ಲಿ ಕೇಳಿದಾಗ ಅಲ್ಲಪ್ಪ ನೀರು ಎಂದ. ಪೂರ್ತಿ ಸುಳ್ಳೇನಲ್ಲ. ಎಣ್ಣೆಯ ಹಳೆಯ ಡಬ್ಬಿ, ಅದರೊಳಗೆ ಆಮ್ಲಜನಕ ತುಂಬಿ ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ನೀರು, ಆ ನೀರಿನಲ್ಲಿ ಐದುನೂರು ರೋಹು ಮೀನಿನ ಮರಿಗಳು. ಕೊಲ್ಲಾಪುರದಲ್ಲಿ ಬಸ್ಸು ಹತ್ತಿದಾಗಿನಿಂದ ಡಬ್ಬಿಯನ್ನು ಎರಡು ಪಾದಗಳ ನಡುವೆ ಅವುಚಿಕೊಂಡು ಕೂತಿದ್ದ. ಕಾಗಲ್ ಹೋಯಿತು, ನಿಪ್ಪಾಣಿ ಹೋಯಿತು. ಪಕ್ಕದಲ್ಲಿದ್ದ ಮುದುಕರು ಅವನ ಹಣೆಯ ವಿಭೂತಿ ನೋಡಿ ಯಾವ ಊರು, ಯಾರ ಪೈಕಿ, ಏನು ಕೆಲಸ ಎಂದು ಕ್ರಮವಾಗಿ ಕೇಳಿದರು. ಇಚಲಕರಂಜಿ ಹತ್ತಿರದ ಕಬನೂರ, ಮಗ್ಗ ಇಟ್ಟವರ ಪೈಕಿ, ಶೇತಕಿ ಖಾತೆ, ಅಂದರೆ ಬೇಸಾಯದ ಇಲಾಖೆ ಎಂದು ಅವನೂ ಕ್ರಮವಾಗಿ ಹೇಳಿದ. ಮೀನಿನ ಖಾತೆ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ತಾಯಿ ಬಾಳಕ್ಕನಿಗೂ ಹಾಗೆಯೇ ಹೇಳಿದ್ದ; ಮಗ ಜೋಳದ ಬೀಜ ಹಂಚುತ್ತಾನೆ ಎಂದು ತಿಳಿದುಕೊಂಡೇ ಪಾಪ ಅವಳು ತೀರಿಕೊಂಡಳು. ಸುಳ್ಳು ಹೇಳುವುದು ಅವನಿಗೆ ಕಷ್ಟದ್ದಾಗಿರಲಿಲ್ಲ. ಕಷ್ಟದ್ದು ಇವತ್ತಿನ ಕೆಲಸ. ಮರಿಗಳನ್ನು ಗಡಹಿಂಗ್ಲಜದ ಕೆರೆಗೆ ಬಿಟ್ಟ ಮೇಲೆ ಪಾಂಡುವನ್ನು ಹುಡುಕಿ, ಒಂಬತ್ತು ವರ್ಷದ ಹಿಂದೆ ನಿನ್ನ ಕೆಲಸ ಹೋದದ್ದು ನನ್ನ ತಪ್ಪಿನಿಂದ ಎಂದು ಹೇಳಬೇಕಾಗಿತ್ತು. ಅದನ್ನು ಯಾವ ಮಾತಿನಿಂದ ಶುರು ಮಾಡುವುದೆಂದು ಸಂಕೇಶ್ವರದವರೆಗೂ ಹೊಳೆದಿರಲಿಲ್ಲ.

ಮೀನಿನ ಮರಿ ತತ್ತಿಯೊಡೆದು ಬಂದಾಗ ಅದರ ಹೊಟ್ಟೆಗೆ ಹಳದಿಯ ಸಣ್ಣ ಚೀಲವೊಂದು ಅಂಟಿಕೊಂಡಿರುತ್ತದೆ, ತಾಯಿ ಕಟ್ಟಿ ಕಳಿಸಿದ ಬುತ್ತಿ. ಮೂರು ದಿನ ಅದರ ಮೇಲೆ ಜೀವ. ಆಮೇಲೆ ಬಾಯಿಗೆ ಹಿಡಿಯುವಷ್ಟು ಸಣ್ಣದು, ಮೈಗೆ ಹತ್ತುವಂಥದು ಸಿಗದಿದ್ದರೆ ಮರಿ ಸಾಯುತ್ತದೆ, ಇಲ್ಲವೆ ತಲೆ ದಪ್ಪ ಮೈ ಸಣ್ಣ ಆಗಿ, ಬೆನ್ನು ಬಾಗಿ, ಅಲ್ಲಿಗೇ ನಿಲ್ಲುತ್ತದೆ. ಮುಂದೆ ಎಷ್ಟು ತಿನ್ನಿಸಿದರೂ ಆ ಮೊದಲ ದಿನಗಳ ಉಪವಾಸ ತುಂಬಿ ಬರುವುದಿಲ್ಲ. ಇದನ್ನು ಈಗ ಅಲ್ಲಪ್ಪ ಸಭೆಗಳಲ್ಲಿ ನಿದ್ದೆಗಣ್ಣಲ್ಲೂ ಹೇಳಬಲ್ಲ. ಆಗ, ೧೯೭೪ರ ಆಷಾಢದಲ್ಲಿ, ಪಂಚಗಂಗೆಯ ದಂಡೆಯ ಮೀನುಮರಿ ಕೇಂದ್ರದಲ್ಲಿ ಅವನು ಹೊಸ ಸಹಾಯಕ. ಜಯಸಿಂಗಪುರದ ಜೈನರ ಪೈಕಿ ಸುಕುಮಾರ ಎಂಬವರು ಮುಂಬಯಿಯಲ್ಲಿ ಕಲಿತು ಅಧಿಕಾರಿಯಾಗಿ ಬಂದಿದ್ದರು. ಒಂದೇ ದಿನದ ಮರಿಗಳನ್ನು ಎಣಿಸಿ ಮೂರು ಸಿಮೆಂಟ್ ತೊಟ್ಟಿಗಳಲ್ಲಿ ಬಿಡಿಸಿದರು. ಮೊದಲನೆಯದಕ್ಕೆ ಶೇಂಗಾ ಹಿಂಡಿ ಮತ್ತು ತೌಡು. ಎರಡನೆಯದಕ್ಕೆ ಕೋಳಿತತ್ತಿಯ ಹಳದಿ. ಮೂರನೆಯದಕ್ಕೆ ಸಗಣಿ ಕದಡಿ ಬೆಳೆಸಿದ ನೀರುಹುಳು, ಕಣ್ಣಿಗೆ ಧೂಳಿನಂತೆ ಕಾಣುವಂಥವು. ಯಾವುದರಲ್ಲಿ ಎಷ್ಟು ಸತ್ವವಿದೆ, ಯಾವುದು ಮರಿಯನ್ನು ಎಷ್ಟು ಉದ್ದ ಮಾಡುತ್ತದೆ ಎಂದು ಹದಿನೈದು ದಿನ ನೋಡುವುದು. ಸುಕುಮಾರ ಸಾಹೇಬರಿಗೆ ತತ್ತಿಯ ಮೇಲೆ ಭಾರೀ ಭರವಸೆ. ಒಂದು ಜೀವ ಪೂರ್ತಿ ತಯಾರಾಗಲು ಬೇಕಾದದ್ದೆಲ್ಲ ಅದರೊಳಗೇ ಇದೆ ಎನ್ನುತ್ತಿದ್ದರು. ಮನೆಯಲ್ಲಿ ರಾತ್ರಿ ಊಟವನ್ನೂ ಮಾಡದ ಮನೆತನದವರು ಇದನ್ನು ಇಷ್ಟು ಉತ್ಸಾಹದಿಂದ ಹೇಳುವಾಗ ಅಲ್ಲಪ್ಪನಿಗೆ ಎಲ್ಲಿ ನೋಡಬೇಕೋ ತಿಳಿಯುತ್ತಿರಲಿಲ್ಲ.

ಎರಡನೆಯ ತೊಟ್ಟಿ ಅಲ್ಲಪ್ಪನ ಪಾಲಿಗೆ ಬಂತು. ತತ್ತಿ ಕುದಿಸಬೇಕು, ಸುಲಿದು ಹಳದಿಯನ್ನಷ್ಟೇ ತೆಗೆಯಬೇಕು, ಅರಿವೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡಬೇಕು. ಅರಿವೆಯಿಂದ ಹಾಲಿನಂತೆ ಇಳಿದದ್ದು ಮಾತ್ರ ಮರಿಯ ಬಾಯಿಗೆ ಹಿಡಿಸುತ್ತದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಇದನ್ನು ಹೇಗೆ ಮಾಡುವುದು? ಸಾಹೇಬರ ಎದುರು ಹೌದ್ರಿ ಎಂದು ತಲೆಯಾಡಿಸಿ, ಹೊರಗೆ ಬಂದು ಪಾಂಡುವಿಗೆ ಒಪ್ಪಿಸಿದ. ಪಾಂಡು ದಿನಗೂಲಿಯವನು, ಗಡಹಿಂಗ್ಲಜದ ಕಡೆ ಹೊರಕೇರಿಯ ಬೌದ್ಧರ ಪೈಕಿ, ಅಲ್ಲಪ್ಪನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಕೇಂದ್ರದ ಹಿಂದಿನ ಗುಡಿಸಲಲ್ಲಿ ಹೆಂಡತಿ ಪಾರುಬಾಯಿಯೊಡನೆ ಇದ್ದ. ನೀರಿಗೆ ಅಂಗೈ ಇಟ್ಟು ಮರಿಗಳು ಹಸಿದಿವೆಯೋ ಇಲ್ಲವೋ ಹೇಳುತ್ತಿದ್ದ, ಅದು ಸರಿಯಾಗಿಯೂ ಇರುತ್ತಿತ್ತು. ಮೊದಲ ದಿನ ಹಿಂಡಲಿಕ್ಕೆ ಹೆಂಡತಿಯ ಹಳೆಯ ಸೀರೆಯ ತುಂಡು ತಂದ, ಒಗೆದು ಒಗೆದು ಮೆತ್ತಗಾದ ಕೆಂಪು ಅರಿವೆ. ಅಲ್ಲಪ್ಪ ಬೇಡ ಎಂದ. ಕೊಳಕಾಗಿರುತ್ತದೆ, ಪ್ರಯೋಗಕ್ಕೆ ಶುದ್ಧವಾದದ್ದು ಬೇಕು ಎಂದು ಕಾರಣ ಕೊಟ್ಟ. ಅದೇನೂ ಕೊಳಕಾಗಿರಲಿಲ್ಲ. ಅವರ ಮನೆಯ ಅರಿವೆ, ಅಷ್ಟೇ. ಅಲ್ಲಪ್ಪನ ಟ್ರಂಕಿನಲ್ಲಿ ಅಣ್ಣನ ಮಗ್ಗದಿಂದ ನೇರ ಇಳಿದ ಕೋರಾ ಬಟ್ಟೆ ಇತ್ತು, ನೀರು ಕಾಣದ್ದು, ನೂಲಿನ ಗಂಜಿಯಿಂದ ಇನ್ನೂ ಬಿರುಸಾಗಿದ್ದದ್ದು. ಅವರ ಮನೆಯಲ್ಲಿ ದೇವರ ಕೆಲಸಕ್ಕೂ ಮದುವೆಗೂ ಅದೇ ಮಡಿ. ಅದರಲ್ಲೊಂದು ತುಂಡು ಹರಿದು ಕೊಟ್ಟ. ಒಗೆದುಕೊಂಡು ಬರಲೇನ್ರಿ ಎಂದು ಪಾಂಡು ಕೇಳಿದ್ದ. ಹೊಸದನ್ನು ಯಾರಾದರೂ ಒಗೆಯುತ್ತಾರೇನೋ ಎಂದು ಅಲ್ಲಪ್ಪ ನಕ್ಕಿದ್ದ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಒಂದೇ ತುಂಡನ್ನು ಎರಡು ದಿನ ಹಿಂಡಿದ್ದರೆ ಅದರಲ್ಲಿದ್ದದ್ದು ಹೋಗಿಬಿಡುತ್ತಿತ್ತು. ಆದರೆ ಅಲ್ಲಪ್ಪ ಮಲಗುತ್ತಿದ್ದದ್ದು ಕೇಂದ್ರದ ಸಾಮಾನಿನ ಕೋಣೆಯಲ್ಲಿಯೇ, ಗೂಡಿನಲ್ಲಿ ಲಿಂಗಪೂಜೆಯ ತಂಬಿಗೆ ಇತ್ತು, ಅಲ್ಲಿ ತತ್ತಿ ಮುಟ್ಟಿದ ಅರಿವೆ ಹೇಗೆ ಇಡುವುದು? ಸಂಜೆ ಅದನ್ನು ದೂರ ಚೆಲ್ಲಿ ಬಾ ಎಂದು ಹೇಳಿ, ಮರುದಿನ ಹೊಸ ತುಂಡು ಹರಿದು ಕೊಡುತ್ತಿದ್ದ. ಹತ್ತು ದಿನ, ಹತ್ತು ತುಂಡು. ಪಾಂಡು ಸ್ಟೋವಿನ ಮೇಲೆ ತತ್ತಿ ಕುದಿಸುವಾಗ ಇವನು ಗಾಳಿ ಬರುವ ದಿಕ್ಕು ನೋಡಿ ಆಚೆ ಕೂರುತ್ತಿದ್ದ, ಮಡಿಲಲ್ಲಿ ರಿಜಿಸ್ಟರ್. ಹಳದಿ ಕೊಡಲಾಯಿತು ಎಂದು ಬರೆದು ಸಹಿ ಹಾಕುತ್ತಿದ್ದ. ತತ್ತಿಯ ಉಳಿದ ಬಿಳಿಯದನ್ನು ತಿಂದು ಕೇಂದ್ರದ ನಾಯಿ ಮೈ ತುಂಬಿಕೊಂಡಿತ್ತು. ಅದು ದಿನಾ ಕಣ್ಣೆದುರೇ ಓಡಾಡುತ್ತಿತ್ತು.

ಗಡಹಿಂಗ್ಲಜದಲ್ಲಿ ಇಳಿದಾಗ ಮೀನುಗಾರರ ಸೊಸೈಟಿಯ ಜೋತಿಬಾ ಸೈಕಲ್ ಹಿಡಿದುಕೊಂಡು ಕಾಯುತ್ತಿದ್ದ. ಡಬ್ಬಿಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಇಬ್ಬರೂ ಕೆರೆಯವರೆಗೆ ನಡೆದರು. ಚೀಲವನ್ನು ಬಿಚ್ಚದೆ ನೀರಿನ ಮೇಲೆ ತೇಲಬಿಟ್ಟು ಕಾಲು ಗಂಟೆ ಕಾದರು, ಒಳಗಿನ ನೀರೂ ಹೊರಗಿನ ನೀರೂ ಒಂದೇ ತಂಪಿಗೆ ಬರಲೆಂದು. ಹಿಂಡಿ ಎಷ್ಟು ಹಾಕಬೇಕ್ರಿ ಎಂದು ಜೋತಿಬಾ ಕೇಳಿದ. ಅಲ್ಲಪ್ಪ ಹೇಳಿದ, ಲೆಕ್ಕ ಬಾಯಿಪಾಠವಿತ್ತು. ಬಾಯಿ ಬಿಚ್ಚಿದಾಗ ಮರಿಗಳು ಒಂದು ಕ್ಷಣ ಅಲ್ಲೇ ಸುತ್ತಿ, ಆಮೇಲೆ ಒಟ್ಟಿಗೆ ತಿರುಗಿ ಕೆಳಗೆ ಹೋದವು. ಬಾಗಿದ ಬೆನ್ನಿನದು ಒಂದೂ ಇರಲಿಲ್ಲ. ಅದನ್ನು ನೋಡುವುದು ಅವನಿಗೆ ಚಟವೇ ಆಗಿತ್ತು. ಇಲ್ಲಿ ಪಾಂಡು ಅಂತ ಒಬ್ಬ ಇದ್ದಾನಂತಲ್ಲ, ಮೊದಲು ಮೀನಿನ ಖಾತೆಯಲ್ಲಿದ್ದವನು ಎಂದು ಕೇಳಿದ. ಸ್ಟೋವ್ ರಿಪೇರಿ ಪಾಂಡುನೇನ್ರಿ ಎಂದ ಜೋತಿಬಾ. ಕೆರೆಯ ಕೆಲಸಕ್ಕೆ ಎಷ್ಟು ಸಲ ಕರೆದರೂ ಬರಲಿಲ್ಲವಂತೆ, ನೀರಿನ ಕೆಲಸ ನನಗೆ ಬೇಡ ಎನ್ನುತ್ತಾನಂತೆ. ಸಂತೆ ಬಯಲಿನ ಹಿಂದಿನ ಓಣಿ, ತಗಡಿನ ಮಾಡು ಎಂದು ದಾರಿ ಹೇಳಿ ಅವನು ಸೈಕಲ್ ಹತ್ತಿಕೊಂಡು ಹೋದ. ಖಾಲಿ ಡಬ್ಬಿ ಅಲ್ಲಪ್ಪನ ಕೈಯಲ್ಲಿ ಉಳಿಯಿತು.

ಖಾಲಿ ಡಬ್ಬಿ ನಡೆಯುವಾಗ ಮೊಣಕಾಲಿಗೆ ಬಡಿದು ಸದ್ದು ಮಾಡುತ್ತಿತ್ತು. ಮಗ್ಗದ ಸದ್ದಿನಲ್ಲಿ ಮಾತು ಕೇಳುವುದಿಲ್ಲವೆಂದು ಕಳೆದ ಭಾನುವಾರ ಕಬನೂರಿನಲ್ಲಿ ಅಣ್ಣ ಅಣ್ಣಾಸಾಹೇಬ ಅವನನ್ನು ಅಂಗಳಕ್ಕೆ ಕರೆದುಕೊಂಡು ಬಂದಿದ್ದ. ಗಂಜಿ ಹಚ್ಚಿಸಿ ತಂದ ಹೊಸ ನೂಲು ಬೂಸ್ಟು ಹಿಡಿದು ಹಸಿರುಗಟ್ಟಿತ್ತು. ಗಂಜಿಯವನನ್ನು ಬೈಯುತ್ತಲೇ ಅಣ್ಣ ಅದನ್ನು ತೋರಿಸಿದ. “ಮಳಿಗಾಲದಾಗ ಗಂಜ್ಯಾಗ ಮೋರಚೂದ ಹಾಕಲಿಲ್ಲಂದ್ರ ನೂಲಿಗಿ ಬೂಸ್ಟು ಹಿಡೀತೈತಿ. ಅಪ್ಪಣ್ಣ ಕಾಕಾ ಇದ್ದಾಗ ಮನಿ ಹಿತ್ತಲದಾಗ ಗಂಜಿ ಕಾಸಿ ಮುಷ್ಟಿಗಟ್ಟಲೆ ಹಾಕತಿದ್ದ, ಗೊತ್ತಿಲ್ಲೇನ್ ನಿನಗ?” ಗೊತ್ತಿರಲಿಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿ ಶಾಲೆ ಕಲಿತವನು, ನೂಲಿನ ಕಡೆ ಸುಳಿದವನಲ್ಲ. ಮೋರಚೂದ ಎಂದರೆ ಮೈಲುತುತ್ತ ಎಂದು ಮಾತ್ರ ಗೊತ್ತಿತ್ತು. ಕೇಂದ್ರದ ಕಪಾಟಿನಲ್ಲಿ ಅದರ ಬಾಟಲಿ ಇದೆ, ಮೇಲೆ ಕೆಂಪು ಅಕ್ಷರ. ಪಾಚಿಗೆ ಹಾಕುವಾಗ ಒಂದು ಚಿಟಿಕೆ ಹೆಚ್ಚಾದರೆ ಮರಿಗಳ ಕಿವಿರು ಸುಟ್ಟು ಹೋಗುತ್ತದೆ, ಅಷ್ಟಕ್ಕೂ ಬದುಕಿದವು ತಿನ್ನುವುದಿಲ್ಲ, ಬೆಳೆಯುವುದಿಲ್ಲ. ಕೆಲಸಕ್ಕೆ ಬಂದ ಹೊಸಬರಿಗೆ ಇದನ್ನು ಹೇಳಿಕೊಡುವವನು ಅವನೇ. ಅಣ್ಣ ಮುಂದೆ ಏನೋ ಹೇಳುತ್ತಿದ್ದ. ಆ ಹತ್ತು ತುಂಡಿನ ಬಟ್ಟೆ ನೆಯ್ದಾಗ ಕಾಕಾ ಇದ್ದ. ಅಲ್ಲಪ್ಪ ಕಟ್ಟೆಯ ಮೇಲೆ ಕೂತುಬಿಟ್ಟ, ಊಟಕ್ಕೆ ಕರೆದರೂ ಏಳಲಿಲ್ಲ. ಪಿತ್ತ ಆಗಿರಬೇಕು ಎಂದು ಹೆಂಡತಿ ಗುರುಸಿದ್ದವ್ವ ಲಿಂಬೆ ನೀರು ತಂದುಕೊಟ್ಟಳು.

ಮೊದಲ ಅಳತೆಯ ದಿನ, ಅಂದರೆ ಹತ್ತನೆಯ ದಿನ, ಪ್ರತಿ ತೊಟ್ಟಿಯಿಂದ ಇಪ್ಪತ್ತೈದು ಮರಿ ಹಿಡಿದು ಗೆರೆಕಾಗದದ ಮೇಲೆ ಒಂದೊಂದಾಗಿ ಮಲಗಿಸಿದ್ದರು. ಹಿಂಡಿ ತೊಟ್ಟಿಯವು ಹದಿನಾಲ್ಕು ಮಿಲಿಮೀಟರ್. ನೀರುಹುಳು ತಿಂದವು ಹತ್ತೊಂಬತ್ತು, ಹುರುಪಿನಿಂದ ಕಾಗದದಿಂದಲೇ ಜಿಗಿಯುತ್ತಿದ್ದವು. ಎರಡನೆಯ ತೊಟ್ಟಿಯಲ್ಲಿ ಅರ್ಧಕ್ಕರ್ಧ ಸತ್ತಿದ್ದವು, ಉಳಿದವು ಎಂಟು, ಒಂಬತ್ತು. ಸುಕುಮಾರ ಸಾಹೇಬರು ಮರಿಯೊಂದನ್ನು ಬಹಳ ಹೊತ್ತು ಮಸೂರದಲ್ಲಿ ನೋಡಿದರು. ಹೊಟ್ಟೆ ಖಾಲಿ ಇದೆ, ಇದು ಉಂಡ ಮರಿಯಲ್ಲ ಎಂದರು. ತತ್ತಿ ತಿಂದು ಹೀಗಾಗಲು ಸಾಧ್ಯವೇ ಇಲ್ಲ, ನೀವು ಎದುರಿಗೆ ಇದ್ದಿರಿ ತಾನೆ ಎಂದು ಅಲ್ಲಪ್ಪನ ಮುಖ ನೋಡಿದರು. ಆಗ ಅವನಿಗೆ ಬಂದದ್ದು ಬರಿಯ ಹೆದರಿಕೆ. ತಾನು ತತ್ತಿ ಮುಟ್ಟಿಲ್ಲ, ಹಿಂಡುವುದನ್ನು ನೋಡಿಯೂ ಇಲ್ಲ, ಸಹಿ ಮಾತ್ರ ತನ್ನದು. ವಾರದ ಹಿಂದೆ ಪಾಂಡು ಸಾಹೇಬರನ್ನು ಒಂದು ಮಾತು ಕೇಳಿದ್ದು ನೆನಪಾಯಿತು: ಈ ಹಳದಿ ಬಸುರಿ ಹೆಂಗಸರಿಗೂ ಒಳ್ಳೆಯದೇನ್ರಿ ಎಂದು. “ತತ್ತಿ ತೊಟ್ಟಿಗಿ ಹೋಗ್ಯಾವೋ ಮನಿಗಿ ಹೋಗ್ಯಾವೋ ಯಾರ ನೋಡ್ಯಾರ್ರಿ ಸಾಹೇಬ್ರ? ಅವನ ಹೇಂತಿ ಬಸರಿ ಅದಾಳ.” ಅಲ್ಲಪ್ಪ ಅಷ್ಟೇ ಹೇಳಿದ್ದ. ಅಷ್ಟೇ ಎಂದು ಎಷ್ಟು ವರ್ಷ ತನಗೆ ತಾನೇ ಹೇಳಿಕೊಂಡಿದ್ದ.

ಮರುದಿನ ಬೆಳಿಗ್ಗೆ ಪಾಂಡು ಎಂದಿಗಿಂತ ಬೇಗ ಬಂದ. ಗೇಟಿನಲ್ಲಿ ನಿಲ್ಲಲು ಸಾಹೇಬರು ಅಲ್ಲಪ್ಪನಿಗೇ ಹೇಳಿದ್ದರು. ಇವತ್ತಿನಿಂದ ಬರಬೇಡ, ಸಾಹೇಬರ ಹುಕುಂ ಎಂದ. ಕಾರಣ ಹೇಳಲಿಲ್ಲ. ಪಾಂಡುವಿನ ಬಾಯಿ ಏನೋ ಹೇಳಲು ತೆರೆದದ್ದು ಹಾಗೆಯೇ ಮುಚ್ಚಿತು. ಯಾಕೆ ಎಂದು ಕೇಳಲಿಲ್ಲ, ಜಗಳ ತೆಗೆಯಲಿಲ್ಲ, ತಲೆ ತಗ್ಗಿಸಿ ತಿರುಗಿ ಹೋದ. ಆ ತಗ್ಗಿದ ತಲೆಯನ್ನೇ ಅಲ್ಲಪ್ಪ ಗಟ್ಟಿಯಾಗಿ ಹಿಡಿದುಕೊಂಡಿದ್ದ. ತಪ್ಪಿಲ್ಲದವನು ಕೇಳದೆ ಇರುತ್ತಾನೆಯೇ? ಎರಡನೆಯ ತೊಟ್ಟಿಯ ಫಲ ಮಜೂರನ ಅಪ್ರಾಮಾಣಿಕತೆಯಿಂದ ಗಣನೆಗೆ ಬಾರದು ಎಂದು ವರದಿಯಲ್ಲಿ ಒಂದು ಸಾಲು ಸೇರಿತು. ಮೂರನೆಯ ತೊಟ್ಟಿಯ ಫಲಕ್ಕೆ ಸಾಹೇಬರಿಗೆ ಹೆಸರು ಬಂತು, ಅಲ್ಲಪ್ಪನಿಗೆ ಎರಡು ವರ್ಷ ಮೊದಲೇ ಬಡ್ತಿ ಬಂತು.

ತಗಡಿನ ಮಾಡಿನ ಕೆಳಗೆ ಪಾಂಡು ಸ್ಟೋವಿನ ಬರ್ನರ್ ಬಿಚ್ಚಿಕೊಂಡು ಕೂತಿದ್ದ. ಕೂದಲು ಬೆಳ್ಳಗಾಗಿತ್ತು, ಕೈಗಳೆಲ್ಲ ಚಿಮಣಿ ಎಣ್ಣೆ. ಗುರುತು ಹಿಡಿಯಲು ಎರಡು ಕ್ಷಣ ಬೇಕಾದವು, ಹಿಡಿದ ಮೇಲೆ ಗಡಬಡಿಸಿ ಎದ್ದ. ಅಲ್ಲಪ್ಪನಿಗೆ ಅವನನ್ನು ನೀನು ಎನ್ನಬೇಕೋ ನೀವು ಎನ್ನಬೇಕೋ ತಿಳಿಯದೆ, ಆರಾಮೇನು ಎಂದಷ್ಟೇ ಅಂದ. ಪಾಂಡು ಒಳಗೆ ಕರೆದ. ಒಂದೇ ಕೋಣೆ, ಗೋಡೆಗೆ ಬುದ್ಧನ ಚಿತ್ರದ ಕ್ಯಾಲೆಂಡರ್. ಪಾರುಬಾಯಿ ಚಹಾಕ್ಕಿಟ್ಟಳು. ಮಗಳು ಸಾಲಿಗೆ ಹೋಗ್ಯಾಳ್ರಿ, ಮೂರನೇ ಇಯತ್ತೆ ಎಂದು ಕೇಳದೆಯೇ ಹೇಳಿದಳು. ಅಲ್ಲಪ್ಪ ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಮಳೆ ಹೇಗಿದೆ ಎಂದು ಕೇಳಿದ. ಚಲೋ ಐತ್ರಿ ಎಂದ ಪಾಂಡು. ಚಹಾ ಬಂತು, ಕುಡಿದದ್ದಾಯಿತು.

“ನೀವು ಯಾಕ ಬಂದೀರಿ ಗೊತ್ತಾತ್ರಿ,” ಎಂದ ಪಾಂಡು, ನೆಲ ನೋಡುತ್ತ. ಹೆಂಡತಿಯ ಕಡೆ ತಿರುಗಿ ಆ ಕೌದಿ ತಾ ಎಂದ. ಅವಳು ಒಂದು ಗಳಿಗೆ ನಿಂತು, ಗೂಡಿನಿಂದ ಮಡಿಚಿಟ್ಟ ಸಣ್ಣ ಕೌದಿ ತಂದು ಅಲ್ಲಪ್ಪನ ಮುಂದೆ ಬಿಡಿಸಿದಳು. ಕೂಸಿಗೆ ಹೊದಿಸುವಷ್ಟಿತ್ತು. ನಡುವೆ ಕೆಂಪು ಸೀರೆಯ ತುಂಡು, ಸುತ್ತ ಬಿಳಿಯವು. ಅವನು ಎಣಿಸಬೇಕೆಂದುಕೊಳ್ಳದೆಯೇ ಎಣಿಸಿದ. ಹತ್ತು.

“ಚೆಲ್ಲು ಅಂತ ಹೇಳಿದ್ರಿ ನೀವು. ನಾ ಚೆಲ್ಲಲಿಲ್ರಿ. ದಿನಾ ಹೊಸಾ ಅರಿವಿ, ಮನಸ ಆಗಲಿಲ್ಲ. ಈಕಿಗಿ ದಿನಾ ತುಂಬಿದ್ದುವು, ಕೂಸಿಗಿ ಆಗತೈತಿ ಅಂತ ಮನಿಗಿ ಒಯ್ದೆ. ಅದು ಸಾಹೇಬ್ರಿಗಿ ತಿಳೀತು, ಬಿಡಿಸಿದ್ರು. ತಪ್ಪ ನಂದರಿ.”

ಪಾರುಬಾಯಿ ಎಂಟನೆಯ ದಿನ, ಅಷ್ಟರವರೆಗೆ ಕೂಡಿದ್ದ ತುಂಡುಗಳನ್ನು ಹಿತ್ತಲಿನ ಮಳೆನೀರಿನ ಹೊಂಡದಲ್ಲಿ ಒಟ್ಟಿಗೆ ಒಗೆದಿದ್ದಳು. ಗಂಜಿ ಬಿಡಲೆಂದು ಇಡೀ ದಿನ ನೆನೆಹಾಕಿದ್ದಳಂತೆ. ಮರುದಿನ ಬೆಳಿಗ್ಗೆ ನೋಡಿದರೆ ಹೊಂಡದಲ್ಲಿದ್ದ ಕಪ್ಪೆಮರಿಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಪಾಂಡುವಿಗೆ ಆಗಲೇ ತಿಳಿಯಿತು. “ಅರಿವ್ಯಾಗ ಏನೋ ಐತಿ ಅಂತ ಹೇಳಬೇಕಂದ್ರ, ಒಯ್ದದ್ದೂ ಹೇಳಬೇಕಾಗತಿತ್ತು. ಅಂಜಿದ್ನಿರಿ. ಎರಡ ದಿನಾ ಹಂಗ ಸುಮ್ಮನಿದ್ದೆ. ಮೂರನೇ ದಿನಾ ಆದದ್ದಾಗಲಿ ಅಂತ ಲಗೂನ ಬಂದೆ. ನೀವು ಗೇಟನ್ಯಾಗ ನಿಂತಿದ್ರಿ.” ಕೈಯ ಎಣ್ಣೆಯನ್ನು ಧೋತರಕ್ಕೆ ಒರೆಸಿಕೊಂಡ. “ಮೊದಲ ಹೇಳಿದ್ರ ಅಷ್ಟ ಮರಿ ಸಾಯತಿದ್ದಿಲ್ಲ. ಅದಕ್ಕ ಆಮ್ಯಾಲ ನೀರಾಗ ಕೈ ಇಟ್ಟಿಲ್ರಿ ನಾ.”

ಅಲ್ಲಪ್ಪನಿಗೆ ಒಮ್ಮೆಲೇ ಮೈ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ. ಅರಿವೆಯ ವಿಷ ಪಾಂಡುವಿಗೆ ಒಂಬತ್ತು ವರ್ಷದಿಂದ ಗೊತ್ತು, ತಪ್ಪನ್ನು ಇವನೇ ಹೊತ್ತುಕೊಂಡಿದ್ದಾನೆ, ಹೊತ್ತು ರೂಢಿಯೂ ಆಗಿದೆ. ನಾಲ್ಕು ಗಂಟೆಗೆ ಕೊಲ್ಲಾಪುರದ ಬಸ್ಸಿದೆ. ಹೋಗಲಿ ಬಿಡು, ಆದದ್ದು ಆಯಿತು ಎಂದ. ಎಂದೇಬಿಟ್ಟ. ಪಾಂಡುವಿನ ಮುಖ ಅಷ್ಟಕ್ಕೇ ಅರಳಿತು, ಅವನು ಎರಡೂ ಕೈ ಎತ್ತಿ ಜೋಡಿಸಿದ. ಆ ಕೈಗಳನ್ನು ನೋಡುತ್ತ ಕೂರಲು ಅಲ್ಲಪ್ಪನಿಗೆ ಆಗಲಿಲ್ಲ. ಕೌದಿಯನ್ನು ಮಡಿಲಿಗೆ ಎಳೆದುಕೊಂಡ. ಬಿಳಿಯ ತುಂಡುಗಳು ಕೆಂಪಿನಷ್ಟೇ ಮೆತ್ತಗಾಗಿದ್ದವು.

“ಅರಿವಿ ಸಲುವಾಗಿ ಅಲ್ಲ ಪಾಂಡು,” ಎಂದ. “ಅರಿವಿ ಒಯ್ದದ್ದು ಯಾರಿಗೂ ಗೊತ್ತಿದ್ದಿಲ್ಲ. ತತ್ತಿ ತೊಟ್ಟಿಗಿ ಹಾಕಲಾರದ ಹೇಂತಿಗಿ ಒಯ್ದ ತಿನಸ್ತಾನ ಅಂತ ಸಾಹೇಬ್ರ ಮುಂದ ನಾ ಹೇಳಿದ್ನಿ. ಅದಕ್ಕ ಬಿಡಿಸಿದ್ರು. ವಿಷದ ಅರಿವಿ ಕೊಟ್ಟಾಂವನೂ ನಾನ.”

ಪಾಂಡುವಿಗೆ ಅದು ಕೂಡಲೇ ಅರ್ಥವಾದಂತೆ ಕಾಣಲಿಲ್ಲ. ಜೋಡಿಸಿದ ಕೈಗಳನ್ನು ನಿಧಾನವಾಗಿ ಇಳಿಸಿದ. ತತ್ತಿ ಎಂದು ತನ್ನಷ್ಟಕ್ಕೆ ಒಮ್ಮೆ ಅಂದುಕೊಂಡ. ಹೊರಗೆ ಯಾರೋ ಸ್ಟೋವ್ ಆಯಿತೇನೋ ಎಂದು ಕೂಗಿದರು, ಅವನು ಓಗೊಡಲಿಲ್ಲ. ಸಿಟ್ಟು ಬರುತ್ತದೆ, ಬಂದರೆ ಒಳ್ಳೆಯದು ಎಂದು ಅಲ್ಲಪ್ಪ ಕಾದ.

“ಮನ್ಯಾಗ ಕೋಳಿ ಇದ್ದುವಲ್ರಿ,” ಎಂದ ಪಾಂಡು, ತಿಳಿಯದವರಿಗೆ ತಿಳಿಸುವ ದನಿಯಲ್ಲಿ. “ಪ್ಯಾಟಿ ತತ್ತಿ ಕೆಟ್ಟ ಬಂದ ದಿನಾ ಈಕಿ ಪಾಲಿನವ ತಂದ ಹಾಕೀನಿ. ಮೂರ ಸಲಾ. ಮರಿ ಉಪಾಸ ಬೀಳಬಾರದಂತ.”

ಪಾರುಬಾಯಿ ಬಗ್ಗಿ, ಅಲ್ಲಪ್ಪನ ಮಡಿಲಿನಿಂದ ಕೌದಿಯನ್ನು ತೆಗೆದುಕೊಂಡಳು. ಅವನ ಕೈ ತಗುಲಿದ ಮೂಲೆಯನ್ನು ಒಮ್ಮೆ ಕೊಡವಿ, ನಾಲ್ಕು ಮಡಿಕೆ ಮಾಡಿ, ಮತ್ತೆ ಗೂಡಿನಲ್ಲಿ ಇಟ್ಟಳು.